ಬಸ್ಸಿಗೆ ನಾಲ್ಕು ಕಾಲು ಕಟ್ಟಿದ್ದು

ನನ್ನ ಹೆಂಡತಿ ಬಸ್ಸು ಹತ್ತದೆ ಮೂರು ತಿಂಗಳಾಗಿತ್ತು. ಬಸ್ಸು ಎಂದರೆ ಸರ್ಕಾರದ್ದಲ್ಲ, ನಮ್ಮ ಸ್ವಂತದ್ದು. ಯಾವುದೋ ಶಾಲೆಯವರು ಓಡಿಸಿ ಬಿಟ್ಟಿದ್ದ ಮಿನಿಬಸ್ಸನ್ನು ಕೊಂಡು, ಸೀಟುಗಳನ್ನೆಲ್ಲ ಕಿತ್ತು, ಮಲಗಲು ಒಂದು ಮಂಚ, ಅಡುಗೆಗೆ ಸಣ್ಣ ಕಟ್ಟೆ, ಹಿಂಬದಿಗೆ ಮರ ಕಡೆಯುವ ಲೇತು ಕೂರಿಸಿ ಅದನ್ನೇ ಮನೆ ಮಾಡಿಕೊಂಡಿದ್ದೆವು. ನಾವು ಚನ್ನಪಟ್ಟಣದಲ್ಲಿ ಗೊಂಬೆ ಕೆಲಸದವರು, ಗಂಡ ಹೆಂಡತಿ ಇಬ್ಬರೂ. ಶಾಲೆಯಿಂದ ಶಾಲೆಗೆ ಹೋಗಿ ಮಕ್ಕಳ ಕಣ್ಣೆದುರೇ ಬುಗುರಿ, ಗಿಲಕಿ ಕಡೆದು ತೋರಿಸಬೇಕು, ಅಲ್ಲೇ ಬೇಯಿಸಿ ಉಂಡು ಅಲ್ಲೇ ಮಲಗಬೇಕು ಎಂಬುದು ಅವಳ ಆಸೆ. ನಾನು ಬರೀ ಹೂಂಗುಟ್ಟಿದವನು. ಸಣ್ಣ ಕೆಲಸದಲ್ಲಿ ಅವಳ ಕೈ ನನ್ನ ಕೈಗಿಂತ ಒಂದು ಗುಲಗಂಜಿ ಹೆಚ್ಚೇ ಎಂದು ನಮ್ಮ ಬೀದಿಯಲ್ಲಿ ಎಲ್ಲರಿಗೂ ಗೊತ್ತು. ಒಪ್ಪಿಕೊಳ್ಳಲು ನನಗೇ ಇಪ್ಪತ್ತು ವರ್ಷ ಹಿಡಿಯಿತು.

ಮೊದಲ ಸಲ ಹೋದದ್ದು ಕೈಲಾಂಚದ ಕಡೆಯ ಒಂದು ಶಾಲೆಗೆ. ಬಸ್ಸು ನಿಲ್ಲಿಸಿದ ಜಾಗ ಒಂದು ಮಗ್ಗುಲಿಗೆ ಇಳಿಜಾರಾಗಿತ್ತು. ಬಸ್ಸಿನ ಮೈ ಕೂತಿರುವುದು ಸ್ಪ್ರಿಂಗ್ ಪಟ್ಟಿಗಳ ಮೇಲೆ. ಯಾರು ಹತ್ತಿದರೂ ಇಳಿದರೂ ತೊಟ್ಟಿಲಿನಂತೆ ತೂಗುತ್ತಿತ್ತು. ಅವಳು ಲೇತಿನ ಮುಂದೆ ಕೂತು ಉಳಿ ಹಿಡಿದಿದ್ದಳು. ನಾನು ಎರಡು ಲೋಟ ಟೀ ಹಿಡಿದು ಧಡಧಡನೆ ಫುಟ್‌ಬೋರ್ಡ್ ಹತ್ತಿದೆ. ಬಸ್ಸು ವಾಲಿತು, ಉಳಿ ಮರಕ್ಕೆ ಕಚ್ಚಿಕೊಂಡಿತು, ಅವಳ ಎಡಗೈ ತೋರುಬೆರಳು ಉಳಿಯ ಜೊತೆಗೇ ಒಳಕ್ಕೆ ಹೋಯಿತು. ರಾಮನಗರದ ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದರು. ನರ ತುಂಡಾಗಿದೆ, ಜೋಡಿಸಿದ್ದೇವೆ, ಬಗ್ಗಿದಷ್ಟು ಬಗ್ಗಲಿ ಎಂದರು.

ತಪ್ಪು ನನ್ನದು. ಅವಳು ಒಂದು ದಿನವೂ ಹಾಗೆ ಅನ್ನಲಿಲ್ಲ. ಅಂದಿದ್ದರೆ ಜಗಳವಾಡಿ ಹಗುರವಾಗುತ್ತಿದ್ದೆ. ಮೂರು ತಿಂಗಳಲ್ಲಿ ಬೆರಳು ಅರ್ಧ ಬಗ್ಗಿತು, ಮನೆಯ ಲೇತಿನಲ್ಲಿ ಮತ್ತೆ ಸಣ್ಣಪುಟ್ಟದ್ದು ಕಡೆಯತೊಡಗಿದಳು. ಆದರೆ ಬಸ್ಸಿನ ಮಾತೆತ್ತಿದರೆ ಎದ್ದು ಹೋಗುತ್ತಿದ್ದಳು. ಅಷ್ಟರಲ್ಲಿ ಮಾಗಡಿ ತಾಲ್ಲೂಕಿನ ಕಲ್ಯದ ಕಡೆಯ ಹೆಡ್‌ಮಾಸ್ಟರೊಬ್ಬರು ಫೋನ್ ಮಾಡಿ ದಿನ ಗೊತ್ತುಮಾಡಿದರು. ನಡುವೆ ಎರಡು ವಾರವಿತ್ತು. ಆಗ ಅವಳು ಬಾಯಿಬಿಟ್ಟಳು. ಮನೆಯೊಳಗೆ ನಮ್ಮದು ಉರ್ದು ಮಾತು. ತೀರ್ಮಾನ ಹೇಳುವಾಗ ಮಾತ್ರ ಅವಳು ಕನ್ನಡಕ್ಕೆ ಬರುತ್ತಾಳೆ.

"ನೋಡ್ರೀ, ಬಸ್ಸು ನೆಲದ ಥರ ನಿಂತ್ರೆ ಬತ್ತೀನಿ. ಅಲ್ಲಾಡೋ ಜಾಗದಲ್ಲಿ ನಾನು ಉಳಿ ಹಿಡಿಯಲ್ಲ. ಈ ಸಲ ನೀವೊಬ್ರೇ ಹೋಗ್ಬನ್ನಿ."

ಒಬ್ಬನೇ ಹೋಗುವುದಾದರೆ ಆ ಬಸ್ಸು ಯಾಕೆ ಬೇಕು? ಅದನ್ನು ನೆಲದಂತೆ ನಿಲ್ಲಿಸಬೇಕು, ಅವಳನ್ನು ಹತ್ತಿಸಬೇಕು. ನನಗೆ ಅದೊಂದೇ ತಲೆಗೆ ಹೊಕ್ಕಿತು.

ಕನಕಪುರದ ದಾರಿಯಲ್ಲಿ ಟ್ರ್ಯಾಕ್ಟರ್ ರಿಪೇರಿ ಅಂಗಡಿ ಇಟ್ಟಿರುವ ಗೆಳೆಯನೊಬ್ಬನಿದ್ದಾನೆ. ಹೈಸ್ಕೂಲಿನಲ್ಲಿ ನಾವಿಬ್ಬರೂ ಒಂದೇ ಬೆಂಚು. ದೊಡ್ಡ ಕ್ರೇನು ಲಾರಿಗಳು ಭಾರ ಎತ್ತುವ ಮುಂಚೆ ನೆಲಕ್ಕೆ ಕಾಲು ಊರುತ್ತವಲ್ಲ, ಅಂಥ ಹೈಡ್ರಾಲಿಕ್ ಜಾಕುಗಳನ್ನು ನಾಲ್ಕು ಮೂಲೆಗೂ ಹಾಕಿದರೆ ಬಸ್ಸಿನ ಮೈ ಸ್ಪ್ರಿಂಗ್ ಬಿಟ್ಟು ಕಾಲಿನ ಮೇಲೆ ನಿಲ್ಲುತ್ತದೆ ಎಂದು ಹೇಳಿಕೊಟ್ಟವನೇ ಅವನು. ನಾನೇ ಹಾಕುತ್ತೇನೆ ಎಂದಾಗ ಮಾತ್ರ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ.

"ಸೈಕಲ್‌ಗೆ ಸ್ಟ್ಯಾಂಡ್ ಹಾಕ್ದಂಗಲ್ಲ ಕಣ್ಲಾ. ಐದು ಟನ್ ಹತ್ರ ತೂಕ ಐತೆ. ತಿಳ್ದೋರ ಕೈಲಿ ಹಾಕ್ಸು."

"ನಡುದಾರೀಲಿ ಕೆಟ್ರೆ ಬಿಚ್ಚೋನು ನಾನೇ ತಾನೆ? ಹಾಕೋದನ್ನೂ ನಾನೇ ಕಲ್ತ್ಕೊತೀನಿ."

"ನಿನ್ ಹಟ ನಿಂಗೆ. ಸಾಯಂಕಾಲ ಬತ್ತೀನಿ, ನಡಿ."

ಬಿಡದಿ ಹತ್ತಿರದ ಗುಜರಿಯಲ್ಲಿ ಒಡೆದ ಕ್ರೇನು ಲಾರಿಯ ನಾಲ್ಕು ಸಿಲಿಂಡರು ಸಿಕ್ಕವು. ಮೂರರ ರಾಡು ಕನ್ನಡಿಯಂತಿತ್ತು. ನಾಲ್ಕನೆಯದಕ್ಕೆ ತುಕ್ಕಿನ ಚುಕ್ಕಿಗಳಿದ್ದವು, ಅದನ್ನು ಉಜ್ಜಿಸಿ ಹೊಸ ಸೀಲು ಹಾಕಿಸಿದೆವು. ಬ್ಯಾಟರಿಯಿಂದ ಓಡುವ ಒಂದು ಪಂಪು, ನಾಲ್ಕು ಸನ್ನೆಗಳಿರುವ ಒಂದು ವಾಲ್ವು, ಪ್ರತಿ ಸಿಲಿಂಡರಿನ ತಲೆಗೂ ಒಂದೊಂದು ಲಾಕ್ ವಾಲ್ವು. ಪೈಪು ಒಡೆದರೂ ಎಣ್ಣೆ ವಾಪಸು ಹರಿಯದಂತೆ ಹಿಡಿದುಕೊಳ್ಳುವುದು ಈ ಲಾಕ್ ವಾಲ್ವಿನ ಕೆಲಸ. ಅದಿಲ್ಲದೆ ಬಸ್ಸಿನ ಹತ್ತಿರವೂ ಸುಳಿಯುವುದಿಲ್ಲ ಎಂದು ಗೆಳೆಯ ಮೊದಲೇ ಹೇಳಿದ್ದ.

ಸಿಲಿಂಡರು ಕೂರಿಸಲು ದಪ್ಪ ತಗಡಿನ ನಾಲ್ಕು ಬ್ರ್ಯಾಕೆಟ್ ಮಾಡಿಸಿದೆ. ಅವನ್ನು ಚಾಸಿಗೆ, ಅಂದರೆ ಬಸ್ಸಿನ ಅಡಿಯ ಉಕ್ಕಿನ ಚೌಕಟ್ಟಿಗೆ, ಬೆಸುಗೆ ಹಾಕಿಬಿಟ್ಟರೆ ಒಂದೇ ದಿನದ ಕೆಲಸ ಎಂದು ನನ್ನ ಲೆಕ್ಕ.

"ಚಾಸಿಗೆ ವೆಲ್ಡಿಂಗ್ ಕೊಟ್ರೆ ಕಾದ ಜಾಗದಲ್ಲೇ ಬಿರುಕು ಬುಡ್ತದೆ. ಬೋಲ್ಟೇ ಹಾಕ್ಬೇಕು. ಅದೂ ಪಕ್ಕದ ಗೋಡೆಗೆ, ಕೆಳಗಿನ ಅಂಚಿಗಲ್ಲ," ಎಂದ ಗೆಳೆಯ.

ಬ್ರ್ಯಾಕೆಟ್ಟಿಗೆ ನಾಲ್ಕರಂತೆ ಹದಿನಾರು ತೂತು. ಮರಕ್ಕೆ ಬೈರಿಗೆ ಹಾಕಿದವನಿಗೆ ಚಾಸಿಯ ಉಕ್ಕು ಏನೆಂದು ಗೊತ್ತಿರಲಿಲ್ಲ. ಮನೆಯ ಪಕ್ಕದ ಖಾಲಿ ಜಾಗದಲ್ಲಿ ಬಸ್ಸು ನಿಲ್ಲಿಸಿ, ಅಡಿಯಲ್ಲಿ ಅಂಗಾತ ಮಲಗಿ, ಭಾರದ ಡ್ರಿಲ್ಲನ್ನು ಎದೆಯ ಮೇಲೆ ಎತ್ತಿ ಹಿಡಿದು ಒತ್ತಬೇಕು. ಬಿಸಿ ಚೂರು ಕುತ್ತಿಗೆಯೊಳಗೆ ಬೀಳುತ್ತಿತ್ತು. ಮೊದಲ ದಿನ ಐದು ತೂತಾದವು, ಮೂರು ಬಿಟ್ ಮೊಂಡಾದವು. ಒತ್ತಿ ಒತ್ತಿ ತೋಳು ಸೋತು, ರಾತ್ರಿ ತಟ್ಟೆಯನ್ನು ನೆಲದಲ್ಲೇ ಇಟ್ಟು ಉಂಡೆ. ಹೆಂಡತಿ ನೋಡಿದಳು, ಇನ್ನೊಂದು ರೊಟ್ಟಿ ಹಾಕಿದಳು.

ಬಲಗಡೆಯ ಹಿಂಬದಿಯಲ್ಲಿ ನಾನು ಮೊದಲ ತಪ್ಪು ಮಾಡಿದೆ. ಬ್ರ್ಯಾಕೆಟ್ ಕೂರಬೇಕಾದ ಜಾಗದಲ್ಲೇ ಬ್ರೇಕಿನ ಪೈಪು ಹಾದುಹೋಗಿತ್ತು. ಪೈಪನ್ನು ಸರಿಸುವ ಬದಲು ಬ್ರ್ಯಾಕೆಟ್ಟನ್ನೇ ಒಂದಿಷ್ಟು ಓರೆ ಮಾಡಿದೆ. ತೂಕದ ದಾರ ಬಿಟ್ಟು ನೋಡಲೂ ಇಲ್ಲ, ಕಣ್ಣಳತೆಯಲ್ಲೇ ಸರಿ ಎಂದುಕೊಂಡೆ. ನಲವತ್ತು ವರ್ಷ ಕಣ್ಣಳತೆಯಲ್ಲೇ ದುಂಡು ಕಡೆದವನಿಗೆ ದಾರ ಬಿಡುವುದೆಂದರೆ ಅವಮಾನ. ಗೆಳೆಯ ಬಂದು ತಲೆ ಓರೆ ಮಾಡಿ ನೋಡಿ, "ಒಸಿ ಒಳಕ್ಕೆ ವಾಲ್ದಂಗೈತಲ್ಲ," ಎಂದ. "ನಿನ್ನ ಕಣ್ಣು ವಾಲೈತೆ," ಎಂದು ಅವನ ಬಾಯಿ ಮುಚ್ಚಿಸಿದೆ.

ಎರಡನೆಯ ತಪ್ಪು ನಮ್ಮ ಚನ್ನಪಟ್ಟಣದವರೇ ಮಾಡಬೇಕು, ಬೇರೆಯವರಿಂದ ಆಗುವುದಲ್ಲ. ಜಾಕಿನ ಪಾದ ನೇರ ಮಣ್ಣಿಗೆ ಊರಿದರೆ ಹೂತುಹೋಗುತ್ತದೆ, ಕೆಳಗೆ ಅಗಲವಾದ ಮರದ ತುಂಡು ಕೊಡಬೇಕು. ನಮ್ಮ ಮನೆಗಳಲ್ಲಿ ಮರದ ತುಂಡು ಎಂದರೆ ಮೆತ್ತನೆಯ ಹಾಲೆ ಮರ. ಗೊಂಬೆಗೆ ಅದೇ, ಕುಂಟುವ ಮಂಚಕ್ಕೆ ಅದೇ, ಬಾಗಿಲಿಗೆ ಅಡ್ಡ ಇಡಲೂ ಅದೇ. ನಾನು ಒಣಗಿದ ದಪ್ಪ ದಿಮ್ಮಿ ಆರಿಸಿ, ಲೇತಿಗೆ ಏರಿಸಿ, ದೊಡ್ಡ ತಟ್ಟೆಯಂಥ ನಾಲ್ಕು ಬಿಲ್ಲೆ ಕಡೆದೆ. ಅಲ್ಲಿಗೇ ಬಿಡಬಹುದಿತ್ತು. ಬಣ್ಣದ ಅರಗಿನ ಕಡ್ಡಿ ಕೈಗೆಟುಕುವಲ್ಲೇ ಇತ್ತು. ತಿರುಗುತ್ತಿರುವ ಮರಕ್ಕೆ ಅರಗು ಹಚ್ಚದೆ ಕೆಳಗಿಳಿಸಿದರೆ ನಮ್ಮ ಕೈಗೆ ಸಮಾಧಾನವಿಲ್ಲ. ಕೆಂಪು, ಹಳದಿ ಪಟ್ಟೆ ಎಳೆದು, ತಾಳೆಗರಿ ಹಿಡಿದು ಮಿರಮಿರ ಮಿಂಚುವಂತೆ ಉಜ್ಜಿದೆ. ಅವಳ ಕಣ್ಣಿಗೆ ಬಿದ್ದರೆ ಖುಷಿಪಟ್ಟಾಳು ಎಂಬ ಆಸೆಯೂ ಇತ್ತು, ಸುಳ್ಳು ಯಾಕೆ ಹೇಳಲಿ.

ಗೆಳೆಯ ನೋಡಿ ಹೊಟ್ಟೆ ಹಿಡಿದು ನಕ್ಕ. "ಬಸ್ಸಿಗೆ ಮದ್ವೆ ಮಾಡ್ತಿದ್ದೀಯೇನ್ಲಾ?" ಎಂದ. ನಕ್ಕನೇ ಹೊರತು ಅವನೂ ಬೇಡವೆನ್ನಲಿಲ್ಲ. ಮರದ ವಿಷಯ ನನಗೆ ಗೊತ್ತು ಎಂದು ಅವನ ನಂಬಿಕೆ.

ಎಂಟನೆಯ ದಿನ ಎಣ್ಣೆ ತುಂಬಿದೆವು. ಮೊದಲು ಒತ್ತಿದಾಗ ಕಾಲುಗಳು ನಡುಗುತ್ತ, ಎಗರುತ್ತ ಇಳಿದವು. ಒಳಗೆ ಗಾಳಿ ಸೇರಿತ್ತು. ಹತ್ತಾರು ಸಲ ಇಳಿಸಿ ಏರಿಸಿ, ಡಬ್ಬಿಯ ಎಣ್ಣೆಯಲ್ಲಿ ನೊರೆ ನಿಲ್ಲುವ ತನಕ ಕಾದೆವು. ಆಮೇಲೆ ಕ್ರಮವಾಗಿ ಮುಂದಿನ ಎರಡು ಕಾಲು ಒಟ್ಟಿಗೆ, ನಂತರ ಹಿಂದಿನ ಎರಡು ಒಟ್ಟಿಗೆ. ಒಂದೊಂದೇ ಮೂಲೆ ಎತ್ತಿದರೆ ಚಾಸಿ ತಿರುಚಿಕೊಳ್ಳುತ್ತದೆ. ಆ ಖಾಲಿ ಜಾಗದ ಬಲಕ್ಕೆ ಚರಂಡಿ, ಆ ಮಗ್ಗುಲು ತಗ್ಗು. ಲೇತಿನ ಮೇಲಿಟ್ಟ ರಸಮಟ್ಟದ ಗುಳ್ಳೆ ನಡುವಿಗೆ ಬರಬೇಕಾದರೆ ಬಲಗಡೆ ಹಿಂಬದಿಯನ್ನು ಬಹಳ ಎತ್ತಬೇಕಾಯಿತು. ಗುಳ್ಳೆ ನಡುವಿಗೆ ಬಂತು. ನೋಡಿದರೆ ಆ ಚಕ್ರ ನೆಲಬಿಟ್ಟು ಎರಡು ಬೆರಳು ಮೇಲೆ ನಿಂತಿತ್ತು.

"ಚಕ್ರ ಏಳಿಸ್ಬಾರ್ದು ಕಣ್ಲಾ. ಇಳ್ಸು," ಎಂದ ಗೆಳೆಯ. ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಯಾರದೋ ಟ್ರ್ಯಾಕ್ಟರು ಗದ್ದೆಯಲ್ಲಿ ಕೂತಿತ್ತು. ಮಾತಾಡುತ್ತಲೇ ಸ್ಟೆಪ್ನಿ ಚಕ್ರವನ್ನು ಕಾಲಿನಿಂದ ಉರುಳಿಸಿ ತಂದು ಚಾಸಿಯ ಕೆಳಗೆ ಮಲಗಿಸಿದ, ಜಾಕು ಜಾರಿದರೆ ಇರಲಿ ಎಂದು. ಅದು ಅವನ ಹಳೆಯ ಅಭ್ಯಾಸ. "ನಾ ಬರಾಗಂಟ ಅಡೀಕೆ ಹೋಗ್ಬೇಡ," ಎಂದು ಕೈಬೀಸಿ ರಸ್ತೆಗೆ ನಡೆದ.

ನಾನು ಬಗ್ಗಿ ನೋಡಿದೆ. ಬಲ ಹಿಂಬದಿಯ ಪೈಪಿನ ಜೋಡಣೆಯಲ್ಲಿ ಎಣ್ಣೆ ಜಿನುಗುತ್ತಿತ್ತು. ಅರ್ಧ ಸುತ್ತು ಬಿಗಿ ಮಾಡಿದರೆ ನಿಲ್ಲುತ್ತದೆ, ಅರ್ಧ ನಿಮಿಷದ ಕೆಲಸ. ಸ್ಪ್ಯಾನರ್ ಹಿಡಿದು ಬೆನ್ನ ಮೇಲೆ ಜಾರಿಕೊಂಡು ಒಳಗೆ ಹೋದೆ.

ನಟ್ಟಿಗೆ ಸ್ಪ್ಯಾನರ್ ಸಿಕ್ಕಿಸಿ ಎಳೆದೆ. ಒಂದು ಸಲ ಟಕ್ ಎಂದಿತು. ನಟ್ಟಿನ ಸದ್ದಲ್ಲ, ಕಿವಿಯ ಪಕ್ಕದಲ್ಲೇ ಬಂದದ್ದು. ಹಾಲೆ ಮರ ಸೀಳುವ ಸದ್ದು ನನಗೆ ಹುಟ್ಟಿನಿಂದ ಗೊತ್ತು. ಕತ್ತು ಹೊರಳಿಸಿದೆ. ಕೆಂಪು ಬಿಲ್ಲೆಯ ನಡುವೆ ಕೂದಲೆಳೆಯಷ್ಟು ಗೆರೆ ಓಡಿತ್ತು. ವಾಲಿ ನಿಂತಿದ್ದ ಕಾಲಿನ ಉಕ್ಕಿನ ಪಾದ ಅರಗಿನ ಮೇಲೆ ನಿಧಾನವಾಗಿ ಒಳಕ್ಕೆ, ನನ್ನ ಕಡೆಗೆ, ಸರಿಯುತ್ತಿತ್ತು. ಜಾರಬೇಕು, ಏಳಬೇಕು ಎಂದು ತಲೆ ಹೇಳುತ್ತಿದೆ, ಮೈ ಕೇಳುತ್ತಿಲ್ಲ. ಬಿಲ್ಲೆ ಎರಡು ಹೋಳಾಯಿತು. ಮೇಲಿದ್ದ ಬಸ್ಸು ಪೂರ್ತಿ ಕೆಳಗೆ ಬಂತು.

ಸ್ಟೆಪ್ನಿಯ ರಬ್ಬರು ಧಡ್ ಎಂದು ಹಿಡಿಯಿತು. ಬ್ರ್ಯಾಕೆಟ್ಟಿನ ಬೋಲ್ಟಿನ ತಲೆ ನನ್ನ ಶರಟಿನ ಗುಂಡಿಯನ್ನು ಎದೆಗೆ ಒತ್ತಿ ನಿಂತಿತು. ಸಣ್ಣಗೆ ಉಸಿರೆಳೆದರೆ ಆಗುತ್ತಿತ್ತು, ಉದ್ದ ಎಳೆದರೆ ಕಬ್ಬಿಣ ತಗಲುತ್ತಿತ್ತು. ನಾನು ಕೂಗಲಿಲ್ಲ. ಕೂಗಿದರೆ ಎದೆ ಉಬ್ಬುತ್ತದೆಂಬ ಹೆದರಿಕೆ.

ಸದ್ದು ಕೇಳಿ ಹೆಂಡತಿ ಮನೆಯಿಂದ ಓಡಿಬಂದಳು, ರಸ್ತೆಯ ಕಡೆಯಿಂದ ಗೆಳೆಯ. ಅವನು ಬಸ್ಸಿನ ಮಾಮೂಲಿ ಜಾಕನ್ನು ಹಾಕಿ ಒಂದೊಂದೇ ಏಟಿಗೆ ಎತ್ತಿದ. ಅವಳು ನೆಲಕ್ಕೆ ಬಿದ್ದು ನನ್ನ ಕಾಲೆರಡನ್ನೂ ಹಿಡಿದುಕೊಂಡಿದ್ದಳು. ಒಂದು ಗೇಣು ಜಾಗ ಆಗುತ್ತಲೇ ದರದರನೆ ಹೊರಗೆಳೆದಳು.

ನನಗೆ ಏನೂ ಆಗಿರಲಿಲ್ಲ, ಎದೆಯ ಮೇಲೆ ಗುಂಡಿಯ ಗುರುತು ಬಿಟ್ಟರೆ. ಅವಳು ನನ್ನ ಕಾಲರು ಹಿಡಿದು ಅಲ್ಲಾಡಿಸಿದಳು.

"ನನ್ ಬೆರಳು ಸಾಲ್ದಾ ಈ ಬಸ್ಸಿಗೆ? ನೀವೂ ಬೇಕಾಗಿತ್ತಾ?"

ಮೂರು ತಿಂಗಳು ಕಾದಿದ್ದ ಮಾತು ಕೊನೆಗೂ ಹೊರಬಿತ್ತು. ನಾನು ಮಣ್ಣಿನಲ್ಲಿ ಕೂತು ಅತ್ತೆ. ಗೆಳೆಯ ಮುಖ ತಿರುಗಿಸಿಕೊಂಡು ಸ್ಪ್ಯಾನರುಗಳನ್ನು ಆರಿಸುವವನಂತೆ ನಟಿಸಿದ. ಅವಳು ಬಿಲ್ಲೆಯ ಒಂದು ಹೋಳನ್ನು ಎತ್ತಿಕೊಂಡು ತಿರುವಿ ನೋಡಿದಳು.

"ಇದಕ್ಕೂ ಬಣ್ಣ ಹಾಕಿದ್ರಾ?" ಎಂದಳು. ಅದು ಅಳುವೋ ನಗುವೋ ನನಗೆ ತಿಳಿಯಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಗೆಳೆಯ ಹತ್ತಿರ ಬಂದ. "ಬ್ರ್ಯಾಕೆಟ್‌ಗೇನೂ ಆಗಿಲ್ಲ. ಮರ ಬದ್ಲಾಯ್ಸು. ವಾಲಿರೋ ಕಡೆ ಒಂದೆರಡು ವಾಷರ್ ಕೊಟ್ರೆ ನೆಟ್ಟಗಾಯ್ತದೆ. ನಾಳೆ ಸಂಜೆಗೆ ಮುಗಿಸ್ಬುಡಾದು."

ಕಲ್ಯಕ್ಕೆ ಹೋಗಲು ಇನ್ನು ಐದೇ ದಿನ. ಅವನು ಹೇಳಿದ್ದು ಆಗುವ ಕೆಲಸವೇ. ಆದರೆ ವಾಷರ್ ಕೊಟ್ಟು ನೆಟ್ಟಗಾಗಿಸಿದ ಕಾಲಿನ ಮೇಲೆ ಅವಳನ್ನು ಕೂರಿಸಿ ಹೊರಗೆ ನಿಲ್ಲುವ ಧೈರ್ಯ ನನಗಿದೆಯೇ ಎಂದು ಕೇಳಿಕೊಂಡೆ. ಇರಲಿಲ್ಲ.

"ನಾಲ್ಕನ್ನೂ ಬಿಚ್ಚಾಣ," ಎಂದೆ.

"ನಾಲ್ಕೂ? ಮೂರು ಸರಿಯಾಗೇ ಅವಲ್ಲಪ್ಪ."

"ಅವನ್ನೂ ಕಣ್ಣಳತೇಲೇ ಹಾಕಿರೋದು."

ಹೆಡ್‌ಮಾಸ್ಟರಿಗೆ ಫೋನ್ ಮಾಡಿದೆ. ಹೇಳಿದ ದಿನಕ್ಕೆ ಮಾಲು ಕೊಡದೆ ಇದ್ದವನಲ್ಲ ನಾನು. ಗೊತ್ತುಮಾಡಿದ ದಿನಕ್ಕೆ ಬರಲಾಗುವುದಿಲ್ಲ ಎಂದೆ. "ಮಕ್ಕಳಿಗೆ ಹೇಳ್ಬಿಟ್ಟಿದ್ದೀನಲ್ರೀ, ಏನು ಮಾಡಲಿ ಈಗ," ಎಂದು ಅವರು ಬೇಸರಪಟ್ಟುಕೊಂಡರು. ಬಸ್ಸು ಇನ್ನೂ ಸರಿಯಾಗಿ ನಿಲ್ಲುತ್ತಿಲ್ಲ ಸಾರ್, ನಿಂತ ಮೇಲೇ ಬರುತ್ತೇನೆ ಎಂದೆ. ಫೋನಿಟ್ಟು ತಿರುಗಿದರೆ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಕೇಳಿಸಿಕೊಂಡಳು, ಒಳಗೆ ಹೋದಳು.

ಎಲ್ಲವನ್ನೂ ಬಿಚ್ಚಿದೆವು. ಬ್ರೇಕಿನ ಪೈಪನ್ನು ತಿಳಿದವರ ಕೈಯಲ್ಲಿ ಬೇರೆ ದಾರಿಗೆ ಹಾಕಿಸಿ, ಬ್ರೇಕು ಹಿಡಿಯುವುದನ್ನು ಓಡಿಸಿ ನೋಡಿದೆ. ಬ್ರ್ಯಾಕೆಟ್ಟುಗಳನ್ನು ಉದ್ದ ಮಾಡಿಸಿ, ಚಾಸಿಯ ಅಡ್ಡಪಟ್ಟಿಗೆ ಓರೆ ಆಸರೆ ಕೊಡಿಸಿದೆ. ಈ ಸಲ ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟು, ಮುಂದಿನಿಂದ ಒಮ್ಮೆ, ಪಕ್ಕದಿಂದ ಒಮ್ಮೆ ನೋಡಿ ಗುರುತು ಹಾಕಿದೆ. ಮೂರು ಸರಿಯಾಗಿವೆ ಎಂದುಕೊಂಡಿದ್ದೆವಲ್ಲ, ಅದರಲ್ಲೂ ಒಂದು ವಾಲಿತ್ತು. ನಲವತ್ತು ವರ್ಷದ ಕಣ್ಣಿನ ಜಂಬ ಅಲ್ಲಿಗೆ ಇಳಿಯಿತು.

ಗೆಳೆಯ ತನ್ನೂರಿನಿಂದ ಜಾಲಿ ಮರದ ದಪ್ಪ ಹಲಗೆಗಳನ್ನು ತಂದ. ಗಾಡಿಯ ಚಕ್ರಕ್ಕೆ ಹಾಕುವ ಮರ ಅದು. ಗರಗಸದ ಹಲ್ಲಿನ ಗುರುತು ಹಾಗೇ ಇತ್ತು. ಒಂದರ ಮೇಲೊಂದು ಅಡ್ಡಡ್ಡ ಜೋಡಿಸಿ ಬೋಲ್ಟು ಹಾಕಿ, ಕೆಳಗೆ ಹಳೆಯ ಟೈರಿನ ರಬ್ಬರು ಬಡಿದು, ಪಾದ ಜಾರದಂತೆ ಮೇಲೆ ಅಂಚು ಕಟ್ಟಿದ ತಗಡು ಕೂರಿಸಿದೆವು. ಅರಗಿನ ಕಡ್ಡಿಗಳನ್ನು ಹೆಂಡತಿ ಅಷ್ಟು ಹೊತ್ತಿಗೇ ಎತ್ತಿ ಒಳಗಿಟ್ಟಿದ್ದಳು.

ಕೆಲಸದ ರೀತಿಯನ್ನೂ ಬದಲಿಸಿದೆವು. ತಗ್ಗಿನ ಕಡೆಯ ಚಕ್ರವನ್ನು ಮೊದಲು ಹಲಗೆಯ ಮೇಲೆ ಹತ್ತಿಸಿ ಬಸ್ಸನ್ನು ಸುಮಾರಾಗಿ ಮಟ್ಟಕ್ಕೆ ತರುವುದು. ಚಕ್ರಗಳಿಗೆ ಎರಡೂ ಕಡೆ ಉರುಳದಂತೆ ಅಡೆ ಕೊಡುವುದು. ಆಮೇಲೆ ಜಾಕು ಇಳಿಸಿ ಸ್ಪ್ರಿಂಗಿನ ಭಾರವನ್ನಷ್ಟೇ ಎತ್ತುವುದು, ಚಕ್ರ ನೆಲ ಬಿಡುವಂತಿಲ್ಲ. ಕಾಲು ಊರಿರುವಾಗ ಯಾರೂ ಅಡಿಗೆ ಹೋಗುವಂತಿಲ್ಲ. ಈ ಕೊನೆಯ ಮಾತನ್ನು ಗೆಳೆಯ ನನ್ನ ಮುಖಕ್ಕೆ ಬೆರಳಿಟ್ಟು ಮೂರು ಸಲ ಹೇಳಿದ.

ಬಸ್ಸನ್ನು ಕಾಲಿನ ಮೇಲೆ ಒಂದು ಇಡೀ ದಿನ ಬಿಟ್ಟು, ನಾಲ್ಕು ಮೂಲೆಯಲ್ಲೂ ಕೋಲಿನಿಂದ ಅಳೆದೆವು. ಎಡ ಹಿಂಬದಿ ಅರ್ಧ ಬೆರಳು ಕುಸಿದಿತ್ತು. ಲಾಕ್ ವಾಲ್ವು ಬಿಚ್ಚಿದರೆ ಸಾಸಿವೆಯಷ್ಟು ಲೋಹದ ಚೂರು ಸಿಕ್ಕಿತು. ತೊಳೆದು ಹಾಕಿ ಇನ್ನೊಂದು ದಿನ ಬಿಟ್ಟೆವು. ಕುಸಿಯಲಿಲ್ಲ. ಗೆಳೆಯ ಫುಟ್‌ಬೋರ್ಡಿನ ಮೇಲೆ ನಿಂತು ಕುಣಿದ. ರಸಮಟ್ಟದ ಗುಳ್ಳೆ ಕದಲಲಿಲ್ಲ.

"ಅಕ್ಕಾ, ಬಂದು ನೋಡಕ್ಕಾ," ಎಂದು ಅವನೇ ಕೂಗಿದ.

ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಬಸ್ಸಿನ ಸುತ್ತ ಒಂದು ಸುತ್ತು ನಡೆದಳು, ಒಂದೊಂದು ಕಾಲಿನ ಹತ್ತಿರವೂ ನಿಂತು ನೋಡಿದಳು. ಫುಟ್‌ಬೋರ್ಡಿಗೆ ಕಾಲಿಟ್ಟು, ಮತ್ತೆ ತೆಗೆದು, ಮತ್ತೆ ಇಟ್ಟು ಹತ್ತಿದಳು. ಒಳಗೆ ಅವಳು ಮರ ಬಿಗಿದದ್ದು, ಸ್ವಿಚ್ಚು ಒತ್ತಿದ್ದು ಕೇಳಿಸಿತು. ಲೇತು ತಿರುಗತೊಡಗಿತು.

"ರೀ," ಎಂದು ಒಳಗಿನಿಂದಲೇ ಕರೆದಳು. "ನಾನು ಉಳಿ ಹಿಡೀತೀನಿ. ಅವತ್ತು ಹತ್ತಿದ್ರಲ್ಲ, ಹಂಗೇ ಹತ್ತಿ."

ನಿಧಾನವಾಗಿ ಹತ್ತುತ್ತೇನೆ ಎಂದೆ. "ಹಂಗಲ್ಲ. ಅವತ್ತಿನ ಥರಾನೇ," ಎಂದಳು. ಉಳಿ ಮರಕ್ಕೆ ತಾಗಿದ ಸದ್ದು ಶುರುವಾಯಿತು, ಸರ್ರನೆ ಒಂದೇ ಸಮನೆ. ಆ ಅರ್ಧ ಬಗ್ಗುವ ಬೆರಳು ಈಗ ಉಳಿಯ ಮೇಲಿದೆ. ಗೆಳೆಯನ ಮುಖ ನೋಡಿದೆ. ಅವನೂ ಉಸಿರು ಬಿಗಿಹಿಡಿದು ನಿಂತಿದ್ದ. ಫುಟ್‌ಬೋರ್ಡಿನ ಹತ್ತಿರ ಹೋಗಿ ನಿಂತೆ. ಎದೆಯ ಮೇಲೆ ಬಸ್ಸು ಕೂತ ದಿನವೂ ನನಗೆ ಇಷ್ಟು ಹೆದರಿಕೆಯಾಗಿರಲಿಲ್ಲ.

ಅಲ್ಲಾನ ಹೆಸರು ಹೇಳಿಕೊಂಡು ಕಣ್ಣು ಮುಚ್ಚಿ ಧಡಧಡನೆ ಹತ್ತಿಬಿಟ್ಟೆ. ಎರಡು ಮೆಟ್ಟಿಲು ಹಾರಿ ಒಳಗೆ ಬಂದು, ಮಂಚದ ಕಂಬ ಹಿಡಿದು ನಿಂತೆ. ಲೇತಿನ ಗದ್ದಲದಲ್ಲಿ ಅವಳಿಗೆ ನನ್ನ ಹೆಜ್ಜೆ ಕೇಳಿಸಿರಲಿಕ್ಕಿಲ್ಲ. ಬೆನ್ನು ನನ್ನ ಕಡೆಗಿತ್ತು. ಉಳಿಯ ತುದಿಯಿಂದ ಬಿಳಿಯ ಹೊಟ್ಟು ಕಡಿಯದೆ ನೂಲಿನ ಹಾಗೆ ಇಳಿಯುತ್ತಿತ್ತು.

ಅವಳು ಬಾಗಿಲ ಕಡೆ ತಿರುಗದೆ, ಹೊರಗೆ ಕೇಳಿಸುವಂತೆ ಗಟ್ಟಿಯಾಗಿ ಗದರಿದಳು.

"ಎಷ್ಟೊತ್ತು ಕೆಳಗೇ ನಿಂತಿರ್ತೀರ? ಹತ್ರೀ ಅಂದ್ನಲ್ಲ!"